ಡಬ್ಬಿ ಖಾಲಿ ಮರಳಬಾರದು

ನೆರೆಮನೆಯವರು ಕೊಟ್ಟ ಪಾತ್ರೆಯನ್ನು ನೀವು ಎಂದಾದರೂ ಖಾಲಿಯಾಗಿ ಹಿಂದಿರುಗಿಸಿದ್ದೀರಾ? ನಮ್ಮ ಕಡೆ ಯಾರೂ ಹಿಂದಿರುಗಿಸುವುದಿಲ್ಲ. ತೊಳೆದು, ಮನೆಯಲ್ಲಿದ್ದ ಏನನ್ನಾದರೂ ಹಾಕಿಯೇ ಕೊಡುತ್ತಾರೆ. ಈ ಸೊಗಸಾದ ಪದ್ಧತಿ ಒಂದು ಮನೆಯನ್ನು ಉಪವಾಸ ಕೆಡವಿದ್ದನ್ನು ನಾನು ಕಂಡಿದ್ದೇನೆ.

ಚಿಕುನ್‌ಗುನ್ಯಾ ನಮ್ಮ ಕರಾವಳಿಯನ್ನು ಹಿಡಿದ ಮಳೆಗಾಲವದು. ಜ್ವರ ಇಳಿದರೂ ಗಂಟುಗಳ ನೋವು ಇಳಿಯುತ್ತಿರಲಿಲ್ಲ. ಲೋಟ ಎತ್ತಲಾಗದ, ಬಾಗಿಲ ಚಿಲಕ ತೆಗೆಯಲಾಗದ ಜನ ಮನೆಮನೆಯಲ್ಲಿದ್ದರು. ಅವರ್ಸಾದ ನಾವು ಏಳೆಂಟು ಮಂದಿ ಸೇರಿ ಗಂಜಿ ಬೇಯಿಸಿ, ಮುಚ್ಚಳದ ಡಬ್ಬಿಗಳಿಗೆ ತುಂಬಿ, ಜೊತೆಗೊಂದು ಬೆಲ್ಲದ ತುಂಡಿಟ್ಟು, ಸೈಕಲ್ಲಿನಲ್ಲಿ ಹಾರವಾಡದವರೆಗೆ ಹಂಚುತ್ತಿದ್ದೆವು. ಇಂದಿನ ಡಬ್ಬಿ ಕೊಟ್ಟು ನಿನ್ನೆಯದನ್ನು ತರುವುದು ನಮ್ಮ ಕ್ರಮ. ನೆರವು ದಾನವಲ್ಲ, ನೆರೆಯವರ ಹಕ್ಕು ಎಂದು ಕಾಲೇಜಿನ ಚರ್ಚಾಕೂಟಗಳಲ್ಲಿ ವಾದಿಸಿದ್ದ ನನಗೆ ಆ ಮಾತನ್ನು ನಡೆಸಿ ತೋರಿಸುವ ಆತುರವಿತ್ತು.

ನನ್ನ ಪಾಲಿನ ಕೊನೆಯ ಮನೆ, ನಮ್ಮ ಅಂಗಳಕ್ಕೆ ವರ್ಷಗಟ್ಟಲೆ ಮೀನು ಹೊತ್ತು ತಂದ ಹೆಂಗಸಿನದು. ಅವರೂ ಅವರ ಗಂಡನೂ ಒಟ್ಟಿಗೇ ಹಾಸಿಗೆ ಹಿಡಿದಿದ್ದರು. ಮೊದಲ ಡಬ್ಬಿ ಮರಳಿದಾಗ ಅದರಲ್ಲಿ ಶೆಟ್ಲಿ, ಅಂದರೆ ಒಣ ಸಿಗಡಿಯಿತ್ತು.

"ಇದೆಲ್ಲ ಎಂತಕ್ಕೆ ಅಕ್ಕಾ?"

"ಒಂದ್ ಬಾಂಗಡೆ ಹೆಚ್ಚಿಗೆ ಹಾಕು ಹೇಳಿ ನಿನ್ನ ಅಮ್ಮ ಅರ್ಧ ತಾಸು ಜಗಳ ಆಡೂದು. ಪುಕ್ಕಟೆ ಕೊಟ್ರೂ ಮಗ ಬೇಡ ಹೇಳೂದಾ? ತಕಂಡ್ ಹೋಗು, ಚಟ್ನಿ ಮಾಡೂಕೆ ಹೇಳು."

ಮರುದಿನ ಉಪ್ಪುಮೀನು ಬಂತು. ಅದರ ಮರುದಿನ ಮತ್ತೊಂದಿಷ್ಟು. ಕಡಲಿಗೆ ಇಳಿಯಲಾಗದೆ ದೋಣಿಗಳು ದಡ ಸೇರಿದ್ದವು. ಅಟ್ಟದ ಮೇಲಿನ ಒಣಮೀನೇ ಮೀನುಗಾರರ ಮನೆಗಳ ಮಳೆಗಾಲದ ಆಸರೆ.

ವಾರ ಕಳೆಯುವಷ್ಟರಲ್ಲಿ ಅವರು ಬಾಗಿಲನ್ನು ಅರ್ಧವೇ ತೆರೆದು ನಿಂತರು. "ಬೇಡ ತಮ್ಮಾ. ಗುಣ ಆಯ್ತು. ಗಂಜಿ ನಾನೇ ಬೇಯ್ಸ್ಕಂಡೆ."

ಇನ್ನೂ ಒಂದು ಮನೆ ಚೇತರಿಸಿಕೊಂಡಿತೆಂದು ಗೆಳೆಯರೆಲ್ಲ ಸಂತೋಷಪಟ್ಟರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಬಾಗಿಲು ಹಿಡಿದ ಆ ಬೆರಳುಗಳು ಇನ್ನೂ ಊದಿಕೊಂಡಿದ್ದವು. ಹಿಂದಿನ ದಿನದ ಡಬ್ಬಿಯನ್ನೂ ಅವರು ಕೊಟ್ಟಿರಲಿಲ್ಲ. ಮರುದಿನ ಮತ್ತೆ ಹೋದೆ. ಅದೇ ಉತ್ತರ ಬರುವಷ್ಟರಲ್ಲಿ ಒಳಗಿನ ಚಾಪೆಯಿಂದ ಗಂಡನ ದನಿ ಎದ್ದಿತು.

"ಸುಳ್ಳು! ನಿನ್ನೆಯಿಂದ ಒಲೆ ಹೊತ್ತಲಿಲ್ಲ. ಅಟ್ಟದಲ್ಲಿ ಒಂದ್ ಶೆಟ್ಲಿ ಇಲ್ಲ, ಡಬ್ಬಿಗೆ ಎಂತ ಹಾಕೂದು ಹೇಳಿ ಇವಳು ಬೇಡ ಹೇಳೂದು. ಇವಳ ಮರ್ಯಾದೆ ಬೇಯ್ಸಿ ತಿನ್ನೂಕೆ ಬರ್ತದ್ಯಾ?"

"ನೀವು ಸುಮ್ಗಿರಿ!" ಎಂದು ಅವರು ಗದರಿದರು. ತೊಳೆದ ಡಬ್ಬಿ ಬಾಗಿಲ ಮೂಲೆಯಲ್ಲಿ ಬೋರಲಾಗಿತ್ತು.

"ಅಕ್ಕಾ, ಇದು ದಾನ ಅಲ್ಲ. ನಾಳೆ ನಾವು ಮಲಗಿದ್ರೆ ನೀವು ತರೂದಿಲ್ವಾ?"

"ತರ್ತೆ. ಆಗ ನಿನ್ನ ಅಮ್ಮ ಡಬ್ಬಿ ಖಾಲಿ ಕಳಿಸ್ತಾಳ್ಯಾ? ಅದನ್ನ ಹೇಳು."

ಅಮ್ಮ ಖಾಲಿ ಕಳಿಸುವವಳಲ್ಲ. ಆ ಮನೆಯಲ್ಲಿದ್ದ ಬೆಲ್ಲದ ತುಂಡೂ ನಾವು ಕೊಟ್ಟದ್ದೇ. ಅದನ್ನು ನಮಗೇ ತಿರುಗಿಸಿದರೆ ಕೊಟ್ಟಂತಾಗದು. ಪದ್ಧತಿಯನ್ನು ಮುರಿಯಿರೆಂದು ವೇದಿಕೆಯಲ್ಲಿ ಹೇಳಬಹುದು, ಹಸಿದವರ ಹೊಸಿಲಲ್ಲಿ ನಿಂತು ಹೇಳಲಾಗದು. ಅಷ್ಟರಲ್ಲಿ ಹಿತ್ತಲಿನ ಬಸಳೆ ಚಪ್ಪರ ಕಣ್ಣಿಗೆ ಬಿತ್ತು. ಅದರ ಕುಡಿ ಚಿವುಟಲು ಆ ಬೆರಳುಗಳಿಗೆ ಆಗುತ್ತಿರಲಿಲ್ಲ.

"ಅಮ್ಮ ಬಸಳೆ ಕೇಳಿದ್ದಾಳೆ," ಎಂದೆ. ಅಮ್ಮ ಏನನ್ನೂ ಕೇಳಿರಲಿಲ್ಲ.

"ನಿಮ್ಮನೇಲೂ ಅದ್ಯಲ್ಲ ಚಪ್ಪರ!"

"ಹುಳ ತಿಂದು ಹೋಯ್ತು."

ಅವರು ನನ್ನ ಮುಖವನ್ನೇ ನೋಡಿದರು. ನಂಬಿದಂತೆ ಕಾಣಲಿಲ್ಲ. "ಬುಡ ಮುಟ್ಬೇಡ, ತುದಿ ಚಿವುಟು," ಎಂದರು ಕೊನೆಗೆ. ನಾನು ಚಿವುಟಿ ತಂದ ಬಸಳೆಯನ್ನು, ಮಡಚಲಾಗದ ಬೆರಳುಗಳಿಂದ ಅವರೇ ಡಬ್ಬಿಯೊಳಗೆ ಒತ್ತಿದರು. ಆಮೇಲೆಯೇ ಗಂಜಿಗೆ ಕೈ ಚಾಚಿದರು.

"ಬೇಡ, ಗುಣ ಆಯ್ತು" ಎಂದಿದ್ದ ಉಳಿದ ಮನೆಗಳಿಗೂ ಆ ಸಂಜೆಯೇ ಹೋದೆವು. ಕೆಲವು ಬಾಗಿಲು ತೆರೆದವು, ಕೆಲವು ತೆರೆಯಲಿಲ್ಲ. ಮುಚ್ಚಿದ ಆ ಬಾಗಿಲುಗಳ ಹಿಂದೆ ಒಲೆ ಹೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ. ಆ ಸಂಶಯ ನನ್ನನ್ನು ಬಿಟ್ಟೂ ಇಲ್ಲ.

ಆದ್ದರಿಂದ, ಕಾಯಿಲೆಯ ಮನೆಗೆ ಅನ್ನ ಒಯ್ಯುವ ಎಲ್ಲರಲ್ಲೂ ವಿನಂತಿಸುತ್ತೇನೆ: ಕೊಟ್ಟು ಬರುವಾಗ ಆ ಮನೆಯಿಂದ ನೀವೂ ಏನನ್ನಾದರೂ ಕೇಳಿ ಪಡೆಯಿರಿ. ಅವರು ಬೇಡವೆಂದರೆ ಮರುದಿನ ಮತ್ತೆ ಹೋಗಿ.