ಮೂರನೇ ಟ್ರ್ಯಾಕಿನ ಎಂಟು ಮಾತ್ರೆ

ಈ ಘಟನೆಯನ್ನು ನಾನು ಹತ್ತಾರು ಸಲ ಹೇಳಿದ್ದೇನೆ. ಹೇಳಿದಷ್ಟೂ ನುಣುಪಾಗಿದೆ. ಆದ್ದರಿಂದ ಈ ಸಲ ಯಂತ್ರದಿಂದ ಶುರು ಮಾಡುತ್ತೇನೆ. ಯಂತ್ರಗಳ ವಿಷಯದಲ್ಲಿ ನನ್ನ ನೆನಪು ಅಷ್ಟಾಗಿ ಸುಳ್ಳು ಹೇಳುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನವನಗರದ ಬಾಡಿಗೆ ಮನೆಯೊಂದರ ಮೇಲಂತಸ್ತಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಇತ್ತು. ಗೋಡೆಗೆಲ್ಲ ಹತ್ತಿಯ ಗಾದಿ ಬಡಿದಿದ್ದರೂ ಹುಬ್ಬಳ್ಳಿ–ಧಾರವಾಡ ಬಸ್ಸಿನ ಹಾರ್ನು ಒಳಗೆ ಬರುತ್ತಿತ್ತು. ಎರಡು ಡಿಜಿಟಲ್ ಟೇಪ್ ರೆಕಾರ್ಡರ್‌ಗಳು. ಒಂದೊಂದರಲ್ಲಿ ಎಂಟು ಟ್ರ್ಯಾಕು. ಅಂದರೆ ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಇಡುವ ಜಾಗ. ಎರಡನ್ನೂ ಒಟ್ಟಿಗೆ ಓಡಿಸಲು ಒಂದು ರಿಮೋಟು. ಟಿ.ವಿ.ಯದರಂತೆ ಕೈಯಲ್ಲಿ ಹಿಡಿಯುವಂಥದ್ದಲ್ಲ. ಮಕ್ಕಳು ಬರೆಯುವ ಎರಡು ಪಾಟಿ ಜೋಡಿಸಿಟ್ಟಷ್ಟು ಅಗಲ, ಹಿಂದಿನಿಂದ ಒಂದು ದಪ್ಪ ಕೇಬಲ್.

ಟ್ರ್ಯಾಕಿನ ಗುಂಡಿಗಳು ಅದರಲ್ಲಿ ಎಂಟೇ ಇದ್ದವು. ಮೊದಲು ಯಾವ ಯಂತ್ರ ಎಂದು ಒತ್ತಬೇಕು, ಆಮೇಲೆ ಯಾವ ಟ್ರ್ಯಾಕು ಎಂದು. ಕೆಂಪು ದೀಪ ಮಿಣುಕಿದರೆ ಅಲ್ಲಿ ಹೊಸದನ್ನು ತುಂಬಲು ಟೇಪು ತಯಾರು ಎಂದರ್ಥ. ಹೊಸದು ತುಂಬಿದರೆ ಹಳೆಯದು ಹೋಯಿತು. ಎಲ್ಲಿ ಶುರು, ಎಲ್ಲಿ ಬಂದ್ ಎಂದು ಮೊದಲೇ ಗುರುತು ಹಾಕಿಟ್ಟರೆ ರಿಮೋಟು ತಾನೇ ನೋಡಿಕೊಳ್ಳುತ್ತಿತ್ತು. ಅದು ಲೆಕ್ಕ ಇಡುತ್ತಿದ್ದುದು ನಿಮಿಷ, ಸೆಕೆಂಡುಗಳಲ್ಲಿ. ನಮ್ಮ ಹಾಡುಗಾರರು ಯಾರೂ ನಿಮಿಷದಲ್ಲಿ ಮಾತಾಡುತ್ತಿರಲಿಲ್ಲ. 'ನಾಲ್ಕನೇ ಚರಣದ ಎರಡನೇ ಸಾಲಿಂದ ತೊಗೋರಿ' ಅನ್ನುತ್ತಿದ್ದರು. ಹಾಗಾಗಿ ನಾನು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ, ಒಂದು ಆವರ್ತನದ, ಅಂದರೆ ತಾಳದ ಒಂದು ಸುತ್ತಿನ, ಎಂಟು ಮಾತ್ರೆ ಎಣಿಸುತ್ತ, ಬಲಗೈಯಿಂದ ಗುಂಡಿ ಒತ್ತುತ್ತಿದ್ದೆ. ಗುಂಡಿಯ ಕಡೆ ನೋಡುತ್ತಿರಲಿಲ್ಲ. ಅದು ನನ್ನ ಜಂಬವೂ ಆಗಿತ್ತು.

ಆಗ ನಡೆದಿದ್ದುದು ತತ್ವಪದಗಳ ಒಂದು ಕ್ಯಾಸೆಟ್ಟಿನ ಕೆಲಸ. ಹಾಡುವವರು ಮುಗದ ಊರಿನ ಸಾಲಿಯಲ್ಲಿ ಕಲಿಸುವ ಅಕ್ಕೋರು. ತಬಲಾ ಬಾರಿಸಿದವರಿಗೆ ಹುಬ್ಬಳ್ಳಿಯಲ್ಲಿ ಒಂದು ಲೇತ್ ಅಂಗಡಿ. ಐವತ್ತು ದಾಟಿದವರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಒಂದು ಹಾಡಿನಲ್ಲಿ ಬಾರಿಸಿದ್ದನ್ನು ಅದೇ ಹಾಡಿನಲ್ಲಿ ಮತ್ತೆ ಬಾರಿಸುವುದಿಲ್ಲ ಎಂಬುದು ಅವರ ಹಟ. 'ಅದನ್ನ ಅದನ್ನ ಬಾರ್ಸೂದಿದ್ರ ನನ್ಯಾಕ್ ಕರದ್ರಿ? ಲೇತ್ ಮಷೀನ್ ತಂದ್ ಕುಂಡರ್ಸ್ರಿ' ಅನ್ನುತ್ತಿದ್ದರು.

ಆರು ಹಾಡಿಗೂ ತಬಲಾ, ಹಾರ್ಮೋನಿಯಂ ಮೊದಲೇ ಮುಗಿದಿತ್ತು. ಮೊದಲ ಯಂತ್ರದ ಮೂರನೇ ಟ್ರ್ಯಾಕಿನಲ್ಲಿ ಬಲಗೈಯ ತಬಲಾ, ನಾಲ್ಕನೆಯದರಲ್ಲಿ ಎಡಗೈಯ ಡಗ್ಗಾ. ಅದಾದ ಕೆಲವು ವಾರಕ್ಕೆ ಕಾಕಾ ತಮ್ಮ ಅಂಗಡಿಯ ಶಟರ್ ಎಳೆಯುವಾಗ ಅದು ಜಾರಿ ಬಿದ್ದು, ಬಲಗೈ ತೋರುಬೆರಳಿನ ತುದಿಯ ಗೆಣ್ಣು ಹೋಯಿತು. ತಬಲಾದ ಅಂಚಿಗೆ 'ನಾ' ಎಂದು ಹೊಡೆಯುವುದು ಆ ಬೆರಳೇ. ಪೂರ್ತಿ ಕೈಯಿಂದ ಅವರು ಬಾರಿಸಿದ್ದು ಎಲ್ಲಾದರೂ ಉಳಿದಿದ್ದರೆ ಅದು ಈ ಆರು ಹಾಡುಗಳಲ್ಲಿ, ನಮ್ಮ ಟೇಪಿನಲ್ಲಿ. ಅದರ ನಕಲು ಇರಲಿಲ್ಲ. ಖಾಲಿ ಟೇಪು ಬೇರೆ ಊರಿಂದ ಬರಬೇಕಿತ್ತು. ಬಂದಾಗ ಮಾಡೋಣ ಎಂದುಕೊಂಡಿದ್ದೆವು.

ಅಕ್ಕೋರು ಒಂದು ಹಾಡಿನ ನಾಲ್ಕನೇ ಚರಣದ ಒಂದು ಸಾಲನ್ನು ಮತ್ತೆ ಹಾಡಲು ಬಂದ ಮಧ್ಯಾಹ್ನ ಕಾಕಾ ನನ್ನ ಹಿಂದೆ ಜಮಖಾನೆಯ ಮೇಲೆ ಕೂತಿದ್ದರು. ಬೆರಳಿಗೆ ಪಟ್ಟಿ ಇತ್ತೋ, ಬಿಚ್ಚಿದ್ದರೋ, ಹೇಳಲಾರೆ. ಹೇಳುವಾಗಲೆಲ್ಲ ಪಟ್ಟಿ ಕಟ್ಟಿಯೇ ಹೇಳಿದ್ದೇನೆ.

ಅಕ್ಕೋರ ಧ್ವನಿ ಇದ್ದದ್ದು ಎರಡನೇ ಯಂತ್ರದ ಮೂರನೇ ಟ್ರ್ಯಾಕಿನಲ್ಲಿ. ನಾನು ತೊಡೆಯ ಮೇಲೆ ತಾಳ ಹಾಕುತ್ತ ಮೂರನ್ನು ಒತ್ತಿದೆ. ರಿಮೋಟು ಇನ್ನೂ ಮೊದಲ ಯಂತ್ರದ ಮೇಲೆ ಇತ್ತು, ಅಕ್ಕೋರ ಮೈಕಿನ ತಂತಿ ಎರಡನೆಯದಕ್ಕೆ. ಎಂಟು ಮಾತ್ರೆಯ ಶುರುವಿನ ಗುರುತಿಗೆ ಕೆಂಪು ದೀಪ ಹತ್ತಿತು, ಕೊನೆಯ ಗುರುತಿಗೆ ಆರಿತು. ಅಕ್ಕೋರು ಅರ್ಧಕ್ಕೇ ನಿಲ್ಲಿಸಿ ಗಾಜಿನ ಆಚೆಯಿಂದ ಹೆಡ್‌ಫೋನ್ ಮುಟ್ಟಿ ತೋರಿಸಿದರು.

'ಯಾಕ್ರಿ, ತಬಲಾ ಎಲ್ಲೋ ಹೋತಲ್ರಿ?'

ಅಕ್ಕೋರೂ ಈಚೆ ಬಂದರು, ಹಿಂದಕ್ಕೆ ಓಡಿಸಿ ಕೇಳಿದೆವು. ನಾಲ್ಕನೇ ಚರಣದಲ್ಲಿ ಡಗ್ಗಾ ಒಂದೇ ಗುಮುಗುಡುತ್ತ ನಡೆದಿತ್ತು. ಬಲಗೈ ಇರಲಿಲ್ಲ.

'ಎಷ್ಟ್ ಹೋತು?' ಎಂದರು ಕಾಕಾ.

'ಒಂದ್ ಆವರ್ತನ, ಕಾಕಾ. ಡಗ್ಗಾ ಉಳದೈತಿ.'

'ನಿನಗಿಂತ ಶಟರ್ ಛಲೋ ಇತ್ತಲ್ಲೋ ತಮ್ಮಾ. ಬೀಳೂಮುಂದ ಸಪ್ಪಳರೆ ಮಾಡ್ತು.'

ಅಕ್ಕೋರು ನಕ್ಕುಬಿಟ್ಟರು, ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಕ್ಷಮೆ ಕೇಳಿದೆನೆಂದು ಇಲ್ಲಿ ಬರೆಯಬಹುದು. ಕೇಳಿದ ನೆನಪಿಲ್ಲ.

ಸರಿಪಡಿಸಲು ಒಂದು ದಾರಿ ಇತ್ತು. ಆ ರಿಮೋಟಿನಿಂದ ಒಂದು ಯಂತ್ರವನ್ನು ಎರಡನೇ ಚರಣದಲ್ಲೂ ಅದೇ ಹೊತ್ತಿಗೆ ಇನ್ನೊಂದನ್ನು ನಾಲ್ಕನೇ ಚರಣದಲ್ಲೂ ಓಡಿಸಬಹುದಿತ್ತು. ಹಾಗೆ ಓಡಿಸಿ, ಎರಡನೇ ಚರಣದ ಬಲಗೈಯನ್ನು ನಾಲ್ಕನೆಯದರ ಜಾಗಕ್ಕೆ, ಎರಡನೇ ಯಂತ್ರದ ಎಂಟನೇ ಟ್ರ್ಯಾಕಿನಲ್ಲಿ ಇಳಿಸಿದೆ. ಹೆಚ್ಚುಕಡಿಮೆ ಕೂತಿತು. ಆದರೆ ಹಾಡು ನಾಲ್ಕನೇ ಚರಣಕ್ಕೆ ಬರುವಷ್ಟರಲ್ಲಿ ಲಯ ಸ್ವಲ್ಪ ಏರಿತ್ತು. ತಂದು ಕೂಡಿಸಿದ ಬಲಗೈ ನಿಧಾನ. ಎಂಟನೇ ಮಾತ್ರೆಗೆ ಡಗ್ಗಾ ಮುಂದೆ, ತಬಲಾ ಕೂದಲೆಳೆಯಷ್ಟು ಹಿಂದೆ.

'ಇದು ಎರಡ್ನೇ ಚರಣದ್ದು,' ಎಂದರು ಕಾಕಾ.

'ಯಾರಿಗೂ ತಿಳ್ಯಾಂಗಿಲ್ರಿ.'

'ನನಗ ತಿಳೀತಲ್ಲ. ತಬಲಾ ಐತೇನ್ ಇಲ್ಲೆ?'

ಸ್ಟುಡಿಯೋದ ತಬಲಾ ಇತ್ತು. ಕಾಕಾ ಒಳಗೆ ಹೋಗಿ ಕೂತರು. ನಾನು ಎರಡನೇ ಯಂತ್ರದ ಗುಂಡಿ ಒತ್ತಿ, ದೀಪ ನೋಡಿ, ಮತ್ತೊಮ್ಮೆ ನೋಡಿ, ಖಾಲಿ ಇದ್ದ ಏಳನೇ ಟ್ರ್ಯಾಕನ್ನು ತಯಾರು ಮಾಡಿದೆ. ತೋರುಬೆರಳಿನ ಕೆಲಸವನ್ನು ನಡುಬೆರಳಿಗೆ ಕೊಟ್ಟು ಬಾರಿಸಿದರು. 'ನಾ' ಮಂಕಾಗಿ ಬಂತು, ಹಸಿ ಕಟ್ಟಿಗೆಯ ಮೇಲೆ ಬಡಿದಂತೆ. ಲಯ ಮಾತ್ರ ತಮ್ಮದೇ ಹಳೆಯ ಡಗ್ಗಾಕ್ಕೆ ಸರಿಯಾಗಿತ್ತು. ನಾಲ್ಕೈದು ಸಲ ಬಾರಿಸಿದರು. ಐದನೆಯದು ಉಳಿಸಿದೆವು.

ಈಗ ಎರಡು ಬಲಗೈಗಳಿದ್ದವು. ಏಳನೆಯದು ಆಗಷ್ಟೇ ಬಾರಿಸಿದ್ದು, ಎಂಟನೆಯದು ಹಳೆಯದು. ಕ್ಯಾಸೆಟ್ಟಿಗೆ ಒಂದು ಹೋಗಬೇಕು. ಅದನ್ನು ಕಾಕಾ ಅವರಿಗೇ ಬಿಟ್ಟೆವು.

ಇಲ್ಲಿಂದ ನಾನು ಹೇಳಿಕೊಂಡು ಬಂದ ಕಥೆ ಹೀಗೆ: ಕಾಕಾ ಎರಡನ್ನೂ ಕೇಳಿದರು, ಹಳೆಯ ಕೈಯನ್ನು ಬಂದ್ ಮಾಡಿಸಿದರು, ಗಾಯಗೊಂಡ ಕೈಯದನ್ನೇ ಇಡಲು ಹೇಳಿದರು. ಕಥೆ ಕೇಳಿದವರು ತಲೆಯಾಡಿಸುತ್ತಿದ್ದರು. ಒಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು. ಹೇಳುವುದು ನನಗೆ ರೂಢಿಯಾಗಿತ್ತು.

ಎರಡು ಸಾವಿರದ ದಶಕದ ನಡುವೆ ಸ್ಟುಡಿಯೋ ಮುಚ್ಚಿತು, ಟೇಪು ಹೋಗಿ ಕಂಪ್ಯೂಟರ್ ಬಂದಿತ್ತು. ರಿಮೋಟನ್ನು ಯಾರೋ ಗುಜರಿಗೆ ಒಯ್ದರು. ಮನೆ ಬದಲಿಸುವಾಗ ಆ ಕ್ಯಾಸೆಟ್ ಸಿಕ್ಕಿತು. ಅಂಚಿನ ಬಣ್ಣ ಹೋಗಿತ್ತು, ಓಡಿತು. ನಾಲ್ಕನೇ ಚರಣಕ್ಕೆ ಕಾದೆ. ಮಂಕಾದ 'ನಾ' ಬರಲಿಲ್ಲ. ಗರಿಗರಿಯಾದ 'ನಾ' ಬಂತು. ಎರಡನೇ ಚರಣದಲ್ಲಿ ಬಂದಿದ್ದೇ ಬಂತು, ಅಷ್ಟೇ ಮಾತ್ರೆ, ಅದೇ ಪೆಟ್ಟುಗಳು. ಎರಡು ಸಲ ಹಿಂದಕ್ಕೆ ಓಡಿಸಿ ಕೇಳಿದೆ.

ಕಾಕಾ ಬಂದ್ ಮಾಡಿದ್ದು ಏಳನ್ನು, ಗಾಯದ ಕೈಯದನ್ನು.

ಆಮೇಲೆ ಒಂದು ಚಿತ್ರ ತಿರುಗಿ ಬಂತು. ಅವರು ನನ್ನ ಪಕ್ಕ ಬಗ್ಗಿ, ಎಡಗೈ ಬೆರಳಿನಿಂದ, ಟ್ರ್ಯಾಕುಗಳನ್ನೆಲ್ಲ ಬೆರೆಸುವ ಮಿಕ್ಸರಿನ ಗುಂಡಿ ಒತ್ತುತ್ತಾರೆ. ಏಳರ ದೀಪ ಆರುತ್ತದೆ. 'ಇಷ್ಟ್ ದಿನಾ ಹಟಾ ಮಾಡಿ ಕಡೀಕ ಅದನ್ನ ಎರಡ್ ಸಲ ಬಾರ್ಸ್ಯಾನ ಅಂತಾರ ಜನ,' ಅನ್ನುತ್ತಾರೆ. 'ಅನ್ಲಿ. ಬೆರಳಿದ್ದದ್ದ ಇರ್ಲಿ.' ಈ ಮಾತು ಆ ಮಧ್ಯಾಹ್ನದ್ದೋ, ಕ್ಯಾಸೆಟ್ ಕೇಳಿದ ಮೇಲೆ ನಾನು ಬೇರೆ ಕಡೆಯಿಂದ ತಂದು ಕೂಡಿಸಿದ್ದೋ, ಪರೀಕ್ಷಿಸಲು ದಾರಿಯಿಲ್ಲ. ಕಾಕಾ ಅಷ್ಟರಲ್ಲಿ ತೀರಿಕೊಂಡಿದ್ದರು. ಅಕ್ಕೋರಿಗೆ ಕೇಳಿದೆ, ಅವರಿಗೆ ತಾವು ತಪ್ಪಾಗಿ ಹಾಡಿದ ಸಾಲು ಮಾತ್ರ ನೆನಪಿತ್ತು.

ಉಳಿದಿರುವುದು ಕ್ಯಾಸೆಟ್. ಅದರಲ್ಲಿ, ನಾಲ್ಕನೇ ಚರಣದ ಆ ಆವರ್ತನದ ಕೊನೆಗೆ, ಡಗ್ಗಾ ಮೊದಲು ಬರುತ್ತದೆ. ಬಲಗೈ ಒಂದಿಷ್ಟು ತಡವಾಗಿ.