ಕೇಳದೆ ತೆಗೆದ ಮುಖ

ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಕೊಳೆಯಲು ಬಂದ ಬಾಳೆಹಣ್ಣಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತಿದ್ದೆ. ಯಾಕೆಂದು ಅವಳು ಕೇಳಿದಳು. ಸಿನಿಮಾ ರೀಲು ಅಂಟಿಸುವ ದ್ರವಕ್ಕೂ ಇದೇ ವಾಸನೆಯಿತ್ತು...

‘ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ’ ಚಳವಳಿಯ ವರ್ಷ ಅದು. ಧಾರವಾಡದಲ್ಲಿ ನನ್ನ ಕಾಲೇಜು ಮುಚ್ಚಿತ್ತು. ದಿನವೂ ಹುಬ್ಬಳ್ಳಿಗೆ ಹೋಗಿ, ಫೋಟೋ ಸ್ಟುಡಿಯೋದ ಕಾಕಾ ಅವರ ಬಳಿ ಕೈಯಿಂದ ತಿರುಗಿಸುವ ಸಿನಿಮಾ ಕ್ಯಾಮೆರಾ ಕಲಿಯುತ್ತಿದ್ದೆ. ಕಟ್ಟುಕಥೆ ಬೇಡ, ಊರಿನ ಬದುಕನ್ನೇ ಚಿತ್ರ ಮಾಡಬೇಕೆಂಬುದು ಅವರ ಹುಚ್ಚು: ಹತ್ತಿಯ ಗಾಡಿಗಳು, ಪಾಳಿ ಮುಗಿಸಿ ಬರುವ ಗಿರಣಿಯ ಮಂದಿ. ಕೈ ನಿಧಾನವಾದಷ್ಟೂ ಚಿತ್ರ ಪರದೆಯ ಮೇಲೆ ಜೋರಾಗಿ ಓಡುತ್ತದೆ; ನನ್ನ ಕೈ ಹಾಗೆ ನಿಧಾನವಾದರೆ, "ಹಿಂಗ ತಿರಿವಿದರ ಪರದೇ ಮ್ಯಾಲ ಮಂದಿ ಇಲಿಗತೆ ಓಡ್ತಾರಲೇ, ಬಿ.ಎ. ಸಾಹೇಬಾ!" ಎಂದು ನಗುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ನಗುವಿರಲಿಲ್ಲ. ಯಾರ ಮುಖವನ್ನೇ ಆಗಲಿ, ಹತ್ತಿರ ಹೋಗಿ "ನಿಮ್ಮ ಮಾರಿ ತಗೀಲೇನ್ರಿ?" ಎಂದು ಕೇಳಿಯೇ ತೆಗೆಯಬೇಕು. ಹಮಾಲನಾದರೂ ಬೇಡವೆಂದರೆ ಬಿಡಬೇಕು.

ಅಂದು ಸ್ಟೇಶನ್ನಿನ ಹತ್ತಿರ ಮೆರವಣಿಗೆ. ಒಬ್ಬ ಕಂಬ ಹತ್ತಿ ಟೆಲಿಗ್ರಾಫ್ ತಂತಿ ಕತ್ತರಿಸಿ, ಮಂದಿಯ ಕಡೆ ತಿರುಗಿ ನಕ್ಕ. ಗುಂಪಿನ ಮರೆಯಲ್ಲಿದ್ದ ನಾನು ಕ್ಯಾಮೆರಾ ತಿರುಗಿಸುತ್ತಲೇ ಇದ್ದೆ.

ಮರುದಿನ ತೊಳೆದ ರೀಲನ್ನು ಬೆಳಕಿಗೆ ಹಿಡಿದು ಕಾಕಾ ಕೇಳಿದರು, "ಇವನ್ನ ಕೇಳಿದ್ಯೇನು?"

"ಆ ಗದ್ದಲದಾಗ ಹ್ಯಾಂಗ ಕೇಳ್ಲಿ ಕಾಕಾ?"

"ಹಂಗಾರ ಕತ್ತರಸು. ಗಾದಿ ಹೊಲಿಯಾಂವ ಇಂವ, ಮೂರು ಮಕ್ಕಳ ತಂದಿ. ಫೌಜದಾರನ ಕೈಯಾಗ ಈ ಮಾರಿ ಸಿಕ್ಕರ ಮುಗೀತು."

"ಸಂಜಿತನಕರೆ ಇರ್ಲ್ರಿ. ಇಷ್ಟು ಛಲೋ ಚಿತ್ರ ನನ್ನ ಕೈಲೆ ಮತ್ತ ಬರೂದಿಲ್ಲ."

ಕಾಕಾ ರೀಲನ್ನು ಸುತ್ತಿ ಡಬ್ಬಿಯಲ್ಲಿಟ್ಟರು. ಬೈಯಬೇಕಿತ್ತು...

ಸಂಜೆಯಾಗಲಿಲ್ಲ. ಮೆರವಣಿಗೆಯಲ್ಲಿ ಕ್ಯಾಮೆರಾ ಕಂಡವರಾರೋ ಪೊಲೀಸರಿಗೆ ಹೇಳಿದ್ದರು. "ಬಾಗಲಾ ತಗೀರಿ, ಫೌಜದಾರ್ ಸಾಹೇಬ್ರು ಬಂದಾರ!" ಎಂದು ಬಡಿಯತೊಡಗಿದರು. ಕಾಕಾ ನನ್ನನ್ನು ಹಿತ್ತಲಿಗೆ ದಬ್ಬಿದರು. "ಓಡು. ಕ್ಯಾಮೆರಾ ತಿರಿವಿದಾಂವ ನಾನ."

ಆ ಕಾಲದ ರೀಲಿಗೆ ಕಿಡಿ ತಾಗಿದರೆ ಸಿಡಿಮದ್ದಿನಂತೆ ಉರಿಯುತ್ತಿತ್ತು. ರೀಲಿಡುವ ಕೋಣೆಗೆ ಬೀಡಿಯನ್ನೂ ತರಗೊಡದ ಮನುಷ್ಯ ಕಡ್ಡಿ ಗೀರಿದರು. ಮುಂಬಾಗಿಲು ಮುರಿಯಿತು. ಯಾರೂ ಕಸಿದುಕೊಳ್ಳದಂತೆ ಉರಿಯುವ ಸುರುಳಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. ಹಿತ್ತಲ ಬಾಗಿಲ ಸಂದಿಯಿಂದ ನೋಡಿದೆ. ಒಳಗೆ ಹೋಗಲಿಲ್ಲ. ಓಡಿದೆ.

ಆ ಕೈಗಳು ಸೆರೆಮನೆಯಲ್ಲಿ ಕೀವುಗಟ್ಟಿದವಂತೆ. ಕಾಕಾ ತಿರುಗಿ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ರಾಯಾಪುರದಲ್ಲಿ ಆ ಗಾದಿಯವನನ್ನು ಕಂಡೆ. ಮಗನಿಗೆ ದಬ್ಬಣ ಹಿಡಿಯಲು ಕಲಿಸುತ್ತಿದ್ದ. "ಯಾಕ್ರೀ ಸಾಹೇಬ್ರ, ಹಂಗ್ಯಾಕ ನೋಡಾಕತ್ತೀರಿ? ಗಾದಿ ಬೇಕಾಗಿತ್ತೇನ್ರಿ?"

ಹೌದೆಂದೆ. ಅವನು ಹೊಲಿದ ಗಾದಿಯ ಮೇಲೆಯೇ ಈಗಲೂ ಮಲಗುತ್ತೇನೆ. ಅವನೂ ತೀರಿಕೊಂಡ. ಕಾಕಾ ಯಾರಿಗಾಗಿ ಸುಟ್ಟುಕೊಂಡರೆಂದು ಅವನಿಗೆ ನಾನು ಹೇಳಲೇ ಇಲ್ಲ. ಹೇಳಿದ್ದರೆ, ಆ ಚಿತ್ರ ಯಾರು ತೆಗೆದರೆಂಬುದನ್ನೂ ಹೇಳಬೇಕಾಗುತ್ತಿತ್ತು.