ಸೂಲಗಿತ್ತಿಯ ತವರು ಹುಡುಕಿದ ಡಾರ್ಕಸ್

ಬೆಳಗಿನ ಆರು ಗಂಟೆ. ಆಲ್ಡನ್‌ಫರ್ಡ್ ಊರಿನ ಕಚೇರಿಗೆ ಇನ್ನೂ ಯಾರೂ ಬಂದಿಲ್ಲ. ಡಾರ್ಕಸ್ ವಿಂಚೆಲ್ ಕೈ ತೊಳೆದು ಒರೆಸಿಕೊಂಡು, ಹಳೆಯ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅವರಿಗೀಗ ಅರವತ್ತೆರಡು. ಹರಿದ ದಾಖಲೆಗಳ ಧೂಳು ಕೊಡವಿ, ಅಂಟಿಸಿ, ಜೋಡಿಸಿಡುವುದು ಇಪ್ಪತ್ತೆಂಟು ವರ್ಷಗಳಿಂದ ಅವರ ಕೆಲಸ. ದಿನಕ್ಕೆ ನಲವತ್ತು ಹಾಳೆ ಮುಗಿದರೆ ಹೆಚ್ಚು. ಸೀನು ಮಾತ್ರ ಲೆಕ್ಕವಿಲ್ಲದಷ್ಟು.

ಈ ಸೀಮೆ ಇನ್ನೂ ಇಂಗ್ಲೆಂಡಿನ ದೊರೆಯ ಆಳ್ವಿಕೆಯಲ್ಲಿದ್ದಾಗ, ಇನ್ನೂರೈವತ್ತು ವರ್ಷದ ಹಿಂದೆ, ಇಲ್ಲಿಗೆ ಬಂದ ಮೆಹಿಟಬೆಲ್ ಕ್ರೇನ್ ಈ ಊರಿನ ಮೊದಲ ಸೂಲಗಿತ್ತಿ. ಹಡಗಿನ ಕಪ್ತಾನನ ಮಗಳೆಂದು ಊರೆಲ್ಲ ನಂಬಿದೆ. ಮುಂದಿನ ತಿಂಗಳು ಅವಳ ಸಮಾಧಿಗೆ ಹೊಸ ಕಲ್ಲು. ಅದರಲ್ಲಿ ಕೆತ್ತಲು ಅಪ್ಪ ಅಮ್ಮನ ಹೆಸರು ಹುಡುಕುವ ಕೆಲಸ ನಾಲ್ಕು ವರ್ಷದ ಹಿಂದೆ ಡಾರ್ಕಸ್ ತಲೆಗೆ ಬಿತ್ತು. ಒಂಬತ್ತು ಊರುಗಳ ಚರ್ಚು, ನ್ಯಾಯಾಲಯಗಳನ್ನು ಜಾಲಾಡಿದರು. ನಡುವೆ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡರು. ಕಪ್ತಾನ ಸಿಗಲಿಲ್ಲ.

ಕಳೆದ ಮಂಗಳವಾರ ಸಿಕ್ಕಿದ್ದು ಅಂಗೈಯಗಲದ ಒಂದು ಚೀಟಿ. ಬಡವರು ಬಂದು ನೆಲೆಸಿದರೆ ಸಾಕುವ ಹೊರೆ ಊರಿನದಾಗುತ್ತದೆಂದು ಅಂಥವರನ್ನು ಆಗ ಹೊರಗಟ್ಟುತ್ತಿದ್ದರು; ಇದು ಅಂಥದೊಂದು ಆಜ್ಞೆ. 'ಮೆಹಿಟಬೆಲ್ ಕ್ರೇನ್, ಮನೆಗೆಲಸದವಳು, ತುಂಬು ಬಸುರಿ, ಗಂಡನಿಲ್ಲ. ಹದಿನಾಲ್ಕು ದಿನದೊಳಗೆ ಊರು ಬಿಡತಕ್ಕದ್ದು.' ಕೆಳಗೆ ಊರ ಮುಖಂಡ ಎಬೆನೀಜರ್ ವಿಂಚೆಲ್‌ನ ಸಹಿ. ಡಾರ್ಕಸ್ ಮನೆಯ ವಂಶವೃಕ್ಷದಲ್ಲಿ ಎಲ್ಲರಿಗಿಂತ ಮೇಲಿರುವ ಹೆಸರು ಅದೇ! ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಎನ್ನುತ್ತಾರಲ್ಲ, ಇಲ್ಲಿ ತೊಡರಿ ಕೆಡವಿಯೂ ಬಿಟ್ಟಿತು.

"ಮೂರು ಸಲ ಓದ್ದೆ. ಜನವರಿ ತಿಂಗಳು ಕಣ್ರೀ, ಮೊಣಕಾಲುದ್ದ ಹಿಮ. ಬಸುರೀನ ಎಲ್ಲಿಗೆ ಹೋಗು ಅಂದ ಈ ಮನುಷ್ಯ?" ಎನ್ನುತ್ತಾರೆ ಡಾರ್ಕಸ್.

ಆಘಾತ ಅಲ್ಲಿಗೇ ಮುಗಿಯಲಿಲ್ಲ. ಮೆಹಿಟಬೆಲ್ ತಾನು ಮಾಡಿಸಿದ ಹೆರಿಗೆಗಳನ್ನು ಬರೆದಿಡುತ್ತಿದ್ದ ಪುಸ್ತಕದಲ್ಲಿ, ಆರು ವರ್ಷದ ನಂತರದ ಒಂದು ಸಾಲು: 'ವಿಂಚೆಲ್ ಮನೆ. ಮಗು ಕಾಲು ಮುಂದಾಗಿ ಬಂತು. ಇಬ್ಬರೂ ಬದುಕಿದರು.' ಎಬೆನೀಜರ್‌ನ ಆ ಮಗುವಿನಿಂದಲೇ ಡಾರ್ಕಸ್ ವಂಶ ಮುಂದುವರಿದದ್ದು. ಮೆಹಿಟಬೆಲ್ ಊರಲ್ಲಿ ಹೇಗೆ ಉಳಿದಳು, ಯಾರು ಸೂರು ಕೊಟ್ಟರು, ಅವಳ ಹೊಟ್ಟೆಯಲ್ಲಿದ್ದ ಮಗು ಏನಾಯಿತು ಎಂದು ಯಾವ ಕಾಗದವೂ ಹೇಳುವುದಿಲ್ಲ.

ಡಾರ್ಕಸ್ ಎರಡನ್ನೂ ಸಮಾಧಿ ಸಮಿತಿಯ ಅಧ್ಯಕ್ಷೆ ವಿನಿಫ್ರೆಡ್ ಸ್ಟಾಡರ್ಡ್‌ಗೆ ತೋರಿಸಿದರು. ಅಧ್ಯಕ್ಷೆ, ಚೀಟಿ ಇದ್ದಲ್ಲೇ ಇರಲಿ, ಕಪ್ತಾನನ ಮಗಳೆಂದೇ ಕೆತ್ತಿಸೋಣ ಎಂದರು. "ಹೋಗೋದು ನಿಮ್ಮ ಮನೆತನದ ಮರ್ಯಾದೇನೇ ಡಾರ್ಕಸ್" ಎಂದು ಚುಚ್ಚಿಯೂ ನೋಡಿದರು. ಆದರೆ ಡಾರ್ಕಸ್ ರುಜು ಹಾಕದೆ ಕಲ್ಲಿನ ಬರಹ ಅಖೈರಾಗುವುದಿಲ್ಲ. ಅವರು ಹಾಕಿಲ್ಲ.

ಹಾಗಾದರೆ ಏನು ಕೆತ್ತಬೇಕು ಎಂದರೆ, ಹಾಳೆಯಿಂದ ಕಣ್ಣೆತ್ತದೆ ಹೇಳುತ್ತಾರೆ: "ಅಪ್ಪ ಅಮ್ಮ ಯಾರೋ ಸಿಗ್ಲಿಲ್ಲ. ಊರು ಬಿಡು ಅಂದ್ರು, ಅವ್ಳು ಬಿಡ್ಲಿಲ್ಲ. ಅಷ್ಟು ಕೆತ್ತಿದ್ರೆ ಸಾಕು. ಬಿಡು ಅಂದೋರ ಹೆಸ್ರೂ ಕೆಳಗೆ ಹಾಕ್ಲಿ. ಅದು ನಮ್ಮನೇದೇ."